ಪತ್ರ ಬಂದ ವಾರದ ಓಟ

ಜನವರಿ ೬

ಮಗಳೇ ಚೂಟಿ,

ಮೊನ್ನೆ ಭಾನುವಾರ ಫೋನಿನಲ್ಲಿ ನಮ್ಮಿಬ್ಬರ ನಡುವೆ ನಡೆದದ್ದನ್ನು ಸಂಭಾಷಣೆ ಎಂದು ಕರೆದರೆ, ಭೂಮಿಯ ಮೇಲೆ ನಾಟಕ ಬರೆಯುವವರೆಲ್ಲ ಸೇರಿ ನನ್ನ ಮೇಲೆ ಮೊಕದ್ದಮೆ ಹೂಡಬೇಕು. ಊಟ ಆಯ್ತಾ ಎಂದು ನಾನು ಕೇಳಿದೆ. ಆಯ್ತು, ನಿಮ್ಮದು ಎಂದು ನೀನು ಕೇಳಿದೆ. ಆಯ್ತು ಎಂದೆ. ಆಮೇಲೆ ಇಬ್ಬರೂ ತುಂಬಿದ ಸಭೆಯ ಮುಂದೆ ಮಾತು ಮರೆತ ಪಾತ್ರಧಾರಿಗಳ ಹಾಗೆ ನಿಂತೆವು. ಪರದೆಯ ಮರೆಯಿಂದ ಮುಂದಿನ ಸಾಲು ಪಿಸುಗುಟ್ಟುತ್ತಿದ್ದ ನಿನ್ನಮ್ಮ ಹೋಗಿ ವರ್ಷ ತುಂಬುತ್ತ ಬಂತು. ಹೆದರಬೇಡ, ಆ ವಿಷಯ ಬರೆಯಲು ಕೂತಿಲ್ಲ. ಮೊದಲೆಲ್ಲ ನಿಮ್ಮಿಬ್ಬರ ಫೋನಿನ ಹಿಂದೆ ನಿಂತು 'ನಾನೂ ಕೇಳಿದೆ ಅಂತ ಹೇಳು' ಎಂದು ಕೂಗಿ ಸಂಸಾರದ ಪಾತ್ರ ಮುಗಿಸಿಬಿಡುತ್ತಿದ್ದೆ. ಈಗ ಕೂಗಿದರೆ ಹೇಳುವವರಿಲ್ಲ.

ಆದ್ದರಿಂದ ಈ ಕಾಗದ. ಕಾಗದದಲ್ಲಿ ಸುಮ್ಮನಿದ್ದರೆ ಸದ್ದಾಗುವುದಿಲ್ಲ.

ಇಲ್ಲಿ ಹರಾಜಿನ ಕಟ್ಟೆ ಎಂದಿನಂತೆ. ಸತ್ತವರ ಮನೆಯ ಮಂಚ, ಊರು ಬಿಟ್ಟವರ ಮೇಜು, ಮುರಿದ ಮದುವೆಯ ನಿಲುವುಗನ್ನಡಿ, ಎಲ್ಲವನ್ನೂ ಎತ್ತರದ ಮಣೆಯ ಮೇಲೆ ನಿಂತು ಕೂಗಿ ಕೂಗಿ ಬೇರೆ ಮನೆಗೆ ಸೇರಿಸುತ್ತೇನೆ. ನಾಟಕದ ಮಂದಿಯಲ್ಲಿ ಹುಟ್ಟಿ, ಖಳನ ಪಾತ್ರಕ್ಕೆಂದು ತಿದ್ದಿದ ಗಂಟಲು. ಕೊನೆಗೆ ಕುರ್ಚಿ ಮಾರುವುದಕ್ಕೆ ಒದಗಿತು. ಈಗಲೂ ಅಲ್ಲಿ ನನ್ನನ್ನು ಕಹಳೆ ಎಂದೇ ಕರೆಯುತ್ತಾರೆ.

ಒಂದೇ ಪ್ರಶ್ನೆ. ಫೋನು ಎತ್ತಿದಾಗ ನೀನು ಏದುಸಿರು ಬಿಡುತ್ತಿದ್ದೆ. ಯಾಕೆ?

ಉತ್ತರಕ್ಕೆ ಕಾದಿರುವ
ಅಪ್ಪ

*

ಜನವರಿ ೧೯

ಅಪ್ಪಾ,

ಕಾಗದ ಬಂತು. ಏದುಸಿರು ಬಿಡುತ್ತಿದ್ದುದು ಓಡಿ ಬಂದಿದ್ದರಿಂದ. ಬಸ್ಸಿಗಲ್ಲ, ಸುಮ್ಮನೆ ಓಡುತ್ತೇನೆ. ವಾರಕ್ಕೆ ಮೂರು ದಿನ, ಕೆಲಸಕ್ಕೆ ಮುಂಚೆ, ಕಾಲುವೆಯ ಪಕ್ಕದ ದಾರಿಯಲ್ಲಿ. ಹೋಗಿ ಬಂದರೆ ಐದು ಕಿಲೋಮೀಟರ್. ಕಳೆದ ವರ್ಷ ಶುರು ಮಾಡಿದೆ. ಕಳೆದ ವರ್ಷ ಯಾವಾಗ ಅಂತ ಕೇಳಬೇಡಿ.

ಲ್ಯಾಬಿನಲ್ಲಿ ಕಟ್ಟುಹಲ್ಲಿನ ಕೆಲಸ ಕೈತುಂಬ ಇದೆ. ಈ ವಾರ ಒಬ್ಬರು ತಮ್ಮ ಹೊಸ ಸೆಟ್ಟಿನಲ್ಲಿ ಮುಂದಿನ ಹಲ್ಲೊಂದು ಕೊಂಚ ವಾರೆಯಾಗಿಯೇ ಇರಲಿ ಎಂದು ಹೇಳಿ ಕಳಿಸಿದ್ದರು. ಇಲ್ಲವಾದರೆ ಕನ್ನಡಿಯಲ್ಲಿ ಬೇರೆ ಯಾರೋ ಕಂಡ ಹಾಗಾಗುತ್ತದಂತೆ. ಮೂರು ಸಲ ಮೇಣ ಕರಗಿಸಿ ಸರಿಯಾಗಿ ವಾರೆ ಮಾಡಿದೆ.

ನಿಮ್ಮ ಕಾಗದದಲ್ಲಿ ಒಂದು ಕಡೆ ನಗು ಬಂತು.

ಚೂಟಿ

*

ಫೆಬ್ರುವರಿ ೧೧

ಮಗಳೇ,

ಒಂದು ಕಡೆ ನಗು ಬಂತು ಎಂದು ಬರೆದು, ಯಾವ ಕಡೆ ಎಂದು ಬರೆಯದೆ ಬಿಟ್ಟೆಯಲ್ಲ. ಆ ಕಾಗದದಲ್ಲಿ ಏನೇನು ಬರೆದಿದ್ದೆ ಎಂದು ನೆನಪು ಮಾಡಿಕೊಳ್ಳುತ್ತ ಎರಡು ಕುರ್ಚಿಗಳನ್ನು ತಪ್ಪು ಗಿರಾಕಿಗೆ ಕೂಗಿಬಿಟ್ಟೆ.

ಇರಲಿ. ಈಗ ಕೇಳು, ಕಿವಿಗೊಟ್ಟು ಕೇಳು. ನಿನ್ನಪ್ಪನೂ ಓಡುತ್ತಾನೆ.

ಶೂ ತಂದೆ. ಅಂಗಡಿಯವನು ಯಾರಿಗೆ ಎಂದು ಕೇಳಿದ, ನನಗೆ ಎಂದೆ, ಮತ್ತೊಮ್ಮೆ ಕೇಳಿದ. ಕಟ್ಟೆಯ ಹಿಂದೆ ಗಾಡಿ ನಿಲ್ಲಿಸುವ ದೊಡ್ಡ ಅಂಗಳವಿದೆಯಲ್ಲ, ಅದರ ಸುತ್ತ ಬೆಳಿಗ್ಗೆ ಬೆಳಿಗ್ಗೆ ರಥ ಹೊರಟಿತು. ಮೊದಲ ಸುತ್ತಿನಲ್ಲಿ ಎದೆ ಯುದ್ಧಭೇರಿ ಹೊಡೆಯಿತು. ಎರಡನೆಯ ಸುತ್ತಿನಲ್ಲಿ ಪಕ್ಕೆಗೆ ಯಾರೋ ಈಟಿ ಹಾಕಿದರು. ಮೂರನೆಯದು ಬೇಡ, ಬಿಡು. ಸಾಮಾನು ಹೊರುವವನಿದ್ದಾನಲ್ಲ, ಅವನ ಮೈಕಟ್ಟು ನೋಡಿ ಎಲ್ಲರೂ ಬೀರು ಎಂದು ಕರೆಯುವುದು, ಅವನು ಬಾಗಿಲಿಗೆ ಒರಗಿ ನಿಂತು ನೋಡಿದ.

"ಕಹಳೆಯವ್ರೇ, ಹಿಂದೆ ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ. ನಾನು ನೋಡ್ದೆ. ನಿಧಾನಕ್ಕೆ ಹೋಗಿ" ಎಂದ.

ಮಗಳು ಮುಂದೆ ಓಡುತ್ತಿದ್ದಾಳೆ ಮಾರಾಯಾ ಎಂದು ಹೇಳಬೇಕೆಂದಿದ್ದೆ. ಉಸಿರಿರಲಿಲ್ಲ.

ಹೇಗೆ ಓಡಬೇಕು, ಎಷ್ಟು ಓಡಬೇಕು, ಎಲ್ಲ ಬರೆ. ವಿವರವಾಗಿ ಬರೆ.

ಕಾಲು ಮುರುಕ ಶಿಷ್ಯ,
ಅಪ್ಪ

*

ಫೆಬ್ರುವರಿ ೨೪

ಅಪ್ಪಾ,

ನಿಜವಾಗಲೂ ಓಡುತ್ತಿದ್ದೀರಾ? ಬಸ್ಸಿನಲ್ಲಿ ಕಾಗದ ಓದುತ್ತ ಇಳಿಯುವ ಜಾಗ ದಾಟಿ ಹೋದೆ.

ಸರಿ, ಕೇಳಿ. ಒಂದು ದಿನ ಓಡಿದರೆ ಮರುದಿನ ಬಿಡಿ. ಬಿಟ್ಟ ದಿನವೂ ಓಟದ ಲೆಕ್ಕಕ್ಕೇ ಸೇರುತ್ತದೆ, ಅದನ್ನು ಕಳ್ಳತನ ಅಂದುಕೊಳ್ಳಬೇಡಿ. ಈ ವಾರ ಎಷ್ಟು ಓಡಿದಿರೋ ಮುಂದಿನ ವಾರ ಅದಕ್ಕಿಂತ ಚೂರೇ ಚೂರು ಹೆಚ್ಚು. ಉಸಿರಾಟ ಬೇಗ ಪಳಗುತ್ತದೆ, ಮೂಳೆ ಮತ್ತು ನರಗಳು ತಡವಾಗಿ ಪಳಗುತ್ತವೆ. ಆದ್ದರಿಂದ ಇನ್ನೂ ಓಡಬಲ್ಲೆ ಅನ್ನಿಸಿದಾಗಲೇ ನಿಲ್ಲಿಸಬೇಕು. ಪಕ್ಕದವರ ಜೊತೆ ಮಾತಾಡಿಕೊಂಡು ಓಡಲು ಆಗುವಷ್ಟು ವೇಗ ಸಾಕು. ಮತ್ತೆ ಒಂದೇ ಜಾಗದಲ್ಲಿ, ಒತ್ತಿದರೆ ನೋಯುವ ನೋವು ಬಂದರೆ ನಿಲ್ಲಿಸಿಬಿಡಿ. ವೀರಾವೇಶ ಬೇಡ. ನಿಮಗೆ ಗೊತ್ತಲ್ಲ, ನಿಮಗೇ ಹೇಳುತ್ತಿರುವುದು.

ನಾನು ಈಗ ವಾರಕ್ಕೆ ನಾಲ್ಕು ದಿನ ಮಾಡಿದ್ದೇನೆ. ಕಾಲುವೆ ದಾಟಿ ಹಳೆಯ ಗೋದಾಮಿನ ತನಕ. ಅಲ್ಲಿ ಬೆಳಿಗ್ಗೆ ಒಂದು ನರಪಿಳ್ಳೆಯೂ ಇರುವುದಿಲ್ಲ. ಇಷ್ಟುದ್ದ ಯಾರಿಗೂ ಬರೆದು ಎಷ್ಟು ಕಾಲವಾಯಿತೋ. ಲ್ಯಾಬಿನವರು ಏನು ಬರೆಯುತ್ತಿದ್ದೀಯ ಎಂದು ಕೇಳಿದರು. ನಮ್ಮಪ್ಪ ಓಡ್ತಾರೆ ಎಂದೆ.

ಚೂಟಿ

*

ಮಾರ್ಚ್ ೧೭

ನನ್ನ ಗುರುಗಳ ಸನ್ನಿಧಿಗೆ,

ನಿನ್ನ ಉಪದೇಶವನ್ನು ತಲೆಯ ಮೇಲೆ ಹೊತ್ತುಕೊಂಡೆ. ಆದರೆ ತಲೆಯಿಂದ ಕಾಲಿನವರೆಗೆ ದಾರಿ ದೂರ.

ಒಂದು ದಿನ ಬಿಟ್ಟು ಒಂದು ದಿನ ಎಂದೆ. ಎರಡು ವಾರ ಹಾಗೆಯೇ ಮಾಡಿದೆ. ಬಿಟ್ಟ ದಿನ ಬೆಳಗಾಗುವುದೇ ಇಲ್ಲ ಮಗಳೇ. ಬೆಳಕು ಬರುತ್ತದೆ, ಬೆಳಗಾಗುವುದಿಲ್ಲ. ಓಡಿದ ದಿನವಾದರೆ ನಿನಗೆ ಬರೆಯಲು ಒಂದು ಸಾಲು ಸಿಗುತ್ತದೆ. ಆದ್ದರಿಂದ ಈಗ ದಿನಾ. ಅಂಗಳ ಸಾಲದೆ ಹೊರಗಿನ ರಸ್ತೆಗೆ ಇಳಿದಿದ್ದೇನೆ. ಸೇತುವೆ ಹತ್ತಿ ಇಳಿದು ಬಂದರೆ ಆರು ಕಿಲೋಮೀಟರ್ ದಾಟುತ್ತದೆ. ಅಂದರೆ ನಿನ್ನ ಕಾಲುವೆಯನ್ನು ನಿನ್ನಪ್ಪ ದಾಟಿದ. ಎದ್ದು ನಿಂತು ಚಪ್ಪಾಳೆ ತಟ್ಟು.

ಮಾತಾಡಿಕೊಂಡು ಓಡಿ ಎಂದೂ ಬರೆದೆ. ಯಾರ ಜೊತೆ? ಕೊನೆಗೆ ಹಳೆಯ ನಾಟಕದ ಮಾತುಗಳನ್ನು ಒಪ್ಪಿಸುತ್ತ ಓಡುತ್ತೇನೆ. ರಾಜನ ಮಾತೂ ನನ್ನದೇ, ಮಂತ್ರಿಯ ಮಾತೂ ನನ್ನದೇ. ಸೇತುವೆಯ ಮೇಲೆ ಹಾಲಿನ ಗಾಡಿಯವನು ಒಂದು ದಿನ ಗಾಡಿ ನಿಲ್ಲಿಸಿ, ಆಸ್ಪತ್ರೆಗೆ ಬಿಡಬೇಕಾ ಎಂದು ಕೇಳಿದ.

ಪಾದದಲ್ಲಿ, ಬೆರಳುಗಳ ಹಿಂದೆ, ಒಂದು ಸಣ್ಣ ಕಿರಿಕಿರಿ. ಅವನೊಬ್ಬ ಹಳೆಯ ಕಾಲದ ಖಳನಾಯಕ. ಮೊದಲ ಅಂಕದಲ್ಲಿ ಅಬ್ಬರಿಸುತ್ತಾನೆ, ಮೈ ಬಿಸಿಯಾದ ಮೇಲೆ ರಂಗ ಬಿಟ್ಟು ಹೋಗುತ್ತಾನೆ. ಬರೆದದ್ದೇ ತಪ್ಪು, ಮರೆತುಬಿಡು.

ನೀನೆಷ್ಟು ಓಡುತ್ತಿದ್ದೀಯ ಈಗ?

ಅಪ್ಪ

*

ಏಪ್ರಿಲ್ ೨

ಅಪ್ಪಾ,

ದಿನಾ ಓಡಬೇಡಿ ಎಂದು ಬರೆಯಲೇ ಕೂತಿದ್ದೆ. ಆದರೆ ನಾನೂ ಆರು ದಿನ ಓಡುತ್ತಿರುವಾಗ ಯಾವ ಮುಖ ಇಟ್ಟುಕೊಂಡು ಬರೆಯಲಿ? ನೀವು ಕಾಲುವೆ ದಾಟಿದಿರಿ ಎಂದು ಓದಿದ ಮರುದಿನ ನಾನು ಗೋದಾಮು ದಾಟಿದೆ. ಹೊಟ್ಟೆಕಿಚ್ಚಲ್ಲ. ಏನೋ ಒಂದು. ಭಾನುವಾರ ದೊಡ್ಡ ಓಟ.

ಒಂದು ವಿಷಯ. ಜೂನ್ ಎರಡನೆಯ ಭಾನುವಾರ ಇಲ್ಲಿ ಊರ ಓಟ ಇದೆ. ಹತ್ತು ಕಿಲೋಮೀಟರಿನದೂ ಇದೆ, ಇಪ್ಪತ್ತೊಂದರದೂ ಇದೆ. ನೀವು ಬರಬಹುದಾ? ಹತ್ತು ಸಾಕು, ನಿಧಾನವಾಗಿ. ಕಳೆದ ವರ್ಷ ಅಷ್ಟು ಜನರ ನಡುವೆ ನೋಡಿದ್ದು, ಆಮೇಲೆ ನಾವು ಮುಖ ನೋಡಿಲ್ಲ. ಓಡುವಾಗ ಮಾತಾಡಲೇಬೇಕು ಅಂತಿಲ್ಲ, ಪಕ್ಕದಲ್ಲಿ ಇದ್ದರೆ ಆಯಿತು.

ಕೆಲಸ ಇದ್ದರೆ ಪರವಾಗಿಲ್ಲ.

ಚೂಟಿ

*

ಏಪ್ರಿಲ್ ೧೦

ಮಗಳೇ, ಮಗಳೇ,

ಬರುತ್ತೇನೆ. ಆಕಾಶ ಬಿದ್ದರೆ ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಬರುತ್ತೇನೆ. ಹತ್ತಲ್ಲ, ಇಪ್ಪತ್ತೊಂದು. ಹತ್ತಾದರೆ ಬೇಗ ಮುಗಿದುಹೋಗುತ್ತದಲ್ಲ.

ನಿನ್ನ ಕಾಗದವನ್ನು ಬೀರುವಿಗೆ ಓದಿ ಹೇಳಿದೆ. ಅವನು ತಾನು ಹೊರುತ್ತಿದ್ದ ಮೇಜನ್ನು ಕೆಳಗಿಟ್ಟು ಕೇಳಿದ. ನೀವಿಬ್ಬರೂ ಒಬ್ಬರನ್ನೊಬ್ಬರು ಅಟ್ಟಿಸ್ಕೊಂಡು ಹೋಗ್ತಿದ್ದೀರಲ್ಲ, ನಿಲ್ಲೋದು ಯಾರು ಎಂದ. ಮೇಜು ಹೊರುವವನಿಗೆ ಓಟದ ಮರ್ಮ ಏನು ಗೊತ್ತು.

ದಿನಾ ಬೆಳಿಗ್ಗೆ ಸೇತುವೆ ಎರಡು ಸಲ. ಸಂಜೆ ಕಟ್ಟೆ ಮುಚ್ಚಿದ ಮೇಲೆ ಇನ್ನೊಂದು ಸುತ್ತು. ಕಾಲು ಎರಡು ವಾರದಲ್ಲಿ ಪಳಗುತ್ತದೆ. ಖಳನಾಯಕ ಈಗ ಮೂರನೆಯ ಅಂಕದ ತನಕ ರಂಗದ ಮೇಲೇ ಇರುತ್ತಾನೆ. ಕಿವಿಗೆ ಹಾಕಿಕೊಳ್ಳುವುದಿಲ್ಲ.

ಜೂನಿಗೆ ಕಾದಿರುವ
ಅಪ್ಪ

*

ಮೇ ೨೦

ಅಪ್ಪಾ,

ತಡವಾಯಿತು. ಲ್ಯಾಬಿನಲ್ಲಿ ಕೆಲಸ ಜಾಸ್ತಿ. ನಿಂತು ಮಾಡುವ ಉಜ್ಜುವ ಕೆಲಸವನ್ನು ಈಗ ಪಕ್ಕದ ಮೇಜಿನವಳು ಮಾಡುತ್ತಾಳೆ. ನನಗೆ ಕೂತು ಮಾಡುವ ಮೇಣದ ಕೆಲಸ. ಕಿಟಕಿಯ ಪಕ್ಕ ಜಾಗ ಕೊಟ್ಟಿದ್ದಾರೆ. ಅಲ್ಲಿಂದ ಎದುರಿನ ಇಸ್ತ್ರಿ ಅಂಗಡಿ ಕಾಣುತ್ತದೆ. ಅಲ್ಲಿಯಾತ ದಿನವಿಡೀ ಬೇರೆಯವರ ಅಂಗಿಗಳ ಜೊತೆ ಮಾತಾಡುತ್ತಿರುತ್ತಾನೆ ಅನ್ನಿಸುತ್ತದೆ. ತುಟಿ ಅಲ್ಲಾಡುತ್ತಿರುತ್ತದೆ.

ಮನೆಯ ಮೆಟ್ಟಿಲು ಈಚೆಗೆ ಬಹಳ ಎತ್ತರ ಅನ್ನಿಸುತ್ತಿದೆ. ಹಳೆಯ ಕಟ್ಟಡ.

ಓಟ ಚೆನ್ನಾಗಿ ನಡೆಯುತ್ತಿದೆ. ನಿಮ್ಮದು?

ಚೂಟಿ

*

ಜೂನ್ ೪

ಮಗಳೇ,

ನನ್ನದೂ ಚೆನ್ನಾಗಿ ನಡೆಯುತ್ತಿದೆ.

ಆದರೆ ಒಂದು ತೊಂದರೆ. ನಿನ್ನ ಊರ ಓಟದ ದಿನವೇ ಇಲ್ಲಿ ದೊಡ್ಡ ಹರಾಜು ಬಿದ್ದಿದೆ. ಮುಚ್ಚಿಹೋದ ಹೋಟೆಲೊಂದರ ಇಡೀ ಸಾಮಾನು. ಕೂಗಲು ಬೇರೆ ಗಂಟಲಿಲ್ಲ. ಎಷ್ಟು ಹೇಳಿದರೂ ಕಟ್ಟೆಯವರು ಬಿಡಲಿಲ್ಲ. ನೀನು ಓಡು, ನಿನ್ನ ಪಾಲಿನದನ್ನು ಚೆನ್ನಾಗಿ ಓಡು. ಎಲ್ಲವನ್ನೂ ಬರೆ.

ಅಪ್ಪ

*

ಜೂನ್ ೨೧

ಅಪ್ಪಾ,

ಕೆಲಸ ಇದ್ದರೆ ಏನು ಮಾಡುವುದು. ನಾನು ಮೊದಲೇ ಹೇಳಿದ್ದೆನಲ್ಲ, ಪರವಾಗಿಲ್ಲ.

ಓಡಿದೆ. ಇಪ್ಪತ್ತೊಂದನ್ನೂ ಮುಗಿಸಿದೆ. ಬೆಳಿಗ್ಗೆ ತಂಪಿತ್ತು. ಮುಗಿಯುವ ಜಾಗದಲ್ಲಿ ವಾದ್ಯದವರು ನುಡಿಸುತ್ತಿದ್ದರು. ರಸ್ತೆಯ ಎರಡೂ ಕಡೆ ಜನ. ಕೊನೆಗೆ ಪದಕ ಕೊಟ್ಟರು, ಗೋಡೆಗೆ ಹಾಕಿದ್ದೇನೆ. ನೀವಿದ್ದಿದ್ದರೆ ಚೆನ್ನಾಗಿರುತ್ತಿತ್ತು.

ಚೂಟಿ

*

ಜುಲೈ ೩೦

ಮಗಳೇ,

ನಿನ್ನ ಕಾಗದ ಬಂದು ತಿಂಗಳು ಮೀರಿತು. ಐದಾರು ಸಲ ಉತ್ತರ ಬರೆದೆ. ಭೇಷ್ ಎಂದು ಬರೆದೆ, ಹರಿದೆ. ಪದಕದ ಬಣ್ಣ ಯಾವುದು ಎಂದು ಕೇಳಿ ಬರೆದೆ, ಅದನ್ನೂ ಹರಿದೆ. ಈ ಆಟ ಹೀಗೇ ನಡೆಸಿಕೊಂಡು ಹೋಗಬಹುದು. ನನಗೆ ನಟನೆ ಬರುತ್ತದೆ, ನಿನಗೂ ನನ್ನ ರಕ್ತ. ಆದರೆ ಸಾಕು.

ಆ ದಿನ ಯಾವ ಹೋಟೆಲಿನ ಹರಾಜೂ ಇರಲಿಲ್ಲ. ನಾನು ನಿನ್ನ ಊರಿನಲ್ಲಿದ್ದೆ.

ಮೇ ಕೊನೆಯಲ್ಲಿ ಸೇತುವೆ ಇಳಿಯುವಾಗ ಪಾದದೊಳಗೆ ಏನೋ ಚಟ್ ಎಂದಿತು. ಹೇಗೋ ಕಟ್ಟೆಗೆ ಬಂದು ಕೂತವನನ್ನು ಬೀರು ಕುರ್ಚಿಯ ಸಮೇತ ಎತ್ತಿಕೊಂಡು ಡಾಕ್ಟರ ಹತ್ತಿರ ಒಯ್ದ. ಬೀಳದೆ, ಎಡವದೆ, ಏಟೇ ಬೀಳದೆ ಮೂಳೆ ಹೇಗೆ ಬಿರುಕು ಬಿಟ್ಟೀತು ಎಂದು ನಾನು ವಾದಕ್ಕೆ ನಿಂತೆ. ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡು ಹೇಳಿದರು: "ಒಂದೇ ಏಟಿಗೆ ಆಗಿದ್ದಲ್ಲ ಇದು. ದಿನಾ ಒಂಚೂರು ಸವೆಯತ್ತೆ, ಬಿಟ್ಟ ದಿನ ಮೂಳೆ ತಾನೇ ರಿಪೇರಿ ಮಾಡ್ಕೊಳ್ಳತ್ತೆ. ನೀವು ಬಿಟ್ಟಿದ್ದು ಯಾವ ದಿನ?"

ಮೊಣಕಾಲ ತನಕ ಗಟ್ಟಿ ಬೂಟು ಹಾಕಿ ಕಳಿಸಿದರು.

ಆಗಲೇ ನಿನಗೆ ಬರೆಯಬಹುದಿತ್ತು. ಬರೆದರೆ ನೀನು 'ಕಾಲು ನೋಡಿಕೊಳ್ಳಿ' ಎಂದು ಬರೆಯುತ್ತೀಯ. ನಾನು 'ನೋಡಿಕೊಳ್ಳುತ್ತಿದ್ದೇನೆ' ಎಂದು ಬರೆಯುತ್ತೇನೆ. ಆಮೇಲೆ ಊಟ ಆಯ್ತಾ, ಆಯ್ತು. ಮತ್ತೆ ಅದೇ ಫೋನು. ಅದಕ್ಕೆ ಹೆದರಿದೆ. ಆದರೂ ನೀನು ಓಡುವುದನ್ನು ಒಮ್ಮೆ ಕಣ್ಣಾರೆ ನೋಡಬೇಕೆನ್ನಿಸಿತು. ಹಿಂದಿನ ದಿನವೇ ಬಸ್ಸು ಹತ್ತಿ ಬಂದು, ಓಟ ಮುಗಿಯುವ ಕಮಾನಿನ ಬಳಿ ಬೆಳಿಗ್ಗೆಯೇ ಜಾಗ ಹಿಡಿದೆ. ಕಂಬಕ್ಕೆ ಒರಗಿ, ಬೂಟಿನ ಕಾಲನ್ನು ಬೇಲಿಯ ಹಿಂದೆ ಬಚ್ಚಿಟ್ಟುಕೊಂಡೆ. ನೀನು ದಾಟುವಾಗ ಒಮ್ಮೆ ಕೂಗಿ, ನೀನು ತಿರುಗುವಷ್ಟರಲ್ಲಿ ಗುಂಪಿನಲ್ಲಿ ಕರಗಿಹೋಗುವುದು ಎಂಬ ಯೋಜನೆ.

ಮೊದಲು ಗಾಳಿಯಂಥ ಹುಡುಗರು ಬಂದರು. ಆಮೇಲೆ ಹೆಂಗಸರು, ಗಂಡಸರು, ನನ್ನ ವಯಸ್ಸಿನವರು. ಮೈಯೆಲ್ಲ ಕಣ್ಣಾಗಿ ನೋಡಿದೆ. ನಿನ್ನ ಹಾಗೆ ಕೂದಲು ಕಟ್ಟಿದವಳೊಬ್ಬಳಿಗೆ ಕೂಗಲೆಂದು ಉಸಿರು ಎಳೆದುಕೊಂಡು, ಆ ಉಸಿರನ್ನು ಹಾಗೇ ನುಂಗಿದೆ. ಬಿಸಿಲು ಏರಿತು. ಓಡುವವರು ಹೋಗಿ ನಡೆಯುವವರು ಬಂದರು. ಕಟ್ಟಕಡೆಗೆ ಒಬ್ಬ ಮುದುಕ, ಅವನ ಶೂ ಕೈಯಲ್ಲಿ ಹಿಡಿದು ಪಕ್ಕದಲ್ಲೇ ಬಂದ ಅವನ ಹೆಂಡತಿ. ಅವರಿಗೂ ಚಪ್ಪಾಳೆ ತಟ್ಟಿದೆ. ಆಮೇಲೆ ರಸ್ತೆಯಲ್ಲಿ ಕಾಗದದ ಲೋಟಗಳು ಮಾತ್ರ. ಅವನ್ನು ಗುಡಿಸುತ್ತಿದ್ದ ಹುಡುಗಿಯನ್ನು, ಇನ್ನೂ ಯಾರಾದರೂ ಬರಲಿಕ್ಕಿದೆಯೇ ಎಂದು ಕೇಳಿದೆ.

"ಕೊನೆಯವರ ಹಿಂದೆ ಬರೋ ಸೈಕಲ್ಲೂ ಬಂದಾಯ್ತು ಅಜ್ಜಾ. ಇನ್ಯಾರೂ ಇಲ್ಲ" ಎಂದಳು.

ಎದೆ ಒಡೆದು ಹೋಯಿತು. ದಾರಿಯಲ್ಲಿ ಎಲ್ಲೋ ಬಿದ್ದಿದ್ದೀಯ ಎಂದುಕೊಂಡೆ. ವಿಳಾಸ ಹಿಡಿದು ನಿನ್ನ ಬೀದಿಗೆ ಕುಂಟಿಕೊಂಡು ಬಂದೆ. ಎದುರಿನ ಅಂಗಡಿಯ ನೆರಳಿನಲ್ಲಿ ನಿಂತು ತಲೆ ಎತ್ತಿದರೆ, ಮೂರನೆಯ ಮಹಡಿಯಲ್ಲಿ ನೀನು. ಎರಡು ಕಂಕುಳಲ್ಲೂ ಊರುಗೋಲು. ಒಂದು ಗೋಲನ್ನು ಗೋಡೆಗೆ ಒರಗಿಸಿ, ಒಂಟಿ ಕೈಯಲ್ಲಿ ಟವೆಲು ಒಣಹಾಕುತ್ತಿದ್ದೆ. ಅದು ಜಾರಿತು. ಬಗ್ಗಿ ಎತ್ತಿಕೊಳ್ಳಲು ನಿನಗೆ ಬಹಳ ಹೊತ್ತು ಹಿಡಿಯಿತು.

ನನ್ನ ಗಂಟಲು ನಿನಗೆ ಗೊತ್ತು. ಮೂರು ಮಹಡಿ ಏನು, ಮೂವತ್ತು ಮಹಡಿಗೆ ಕೇಳಿಸುತ್ತಿತ್ತು. ಕೂಗಲಿಲ್ಲ. ಕೂಗಿದರೆ ಇಬ್ಬರ ಸುಳ್ಳೂ ಒಂದೇ ಬೀದಿಯಲ್ಲಿ ಬಯಲಾಗುತ್ತದೆ, ಆಮೇಲೆ ನಮಗೆ ಬರೆಯಲು ಏನು ಉಳಿಯುತ್ತದೆ ಎಂದುಕೊಂಡು ಮಧ್ಯಾಹ್ನದ ಬಸ್ಸು ಹತ್ತಿದೆ.

ವಾರ ಕಳೆದು ನಿನ್ನ ಕಾಗದ ಬಂತು. ಅಲ್ಲಿ ಯಾವ ವಾದ್ಯವೂ ಇರಲಿಲ್ಲ ಮಗಳೇ.

ಅಪ್ಪ

*

ಆಗಸ್ಟ್ ೧೨

ಅಪ್ಪಾ,

ನಿಮ್ಮ ಕಾಗದವನ್ನು ಮೆಟ್ಟಿಲ ಮೇಲೆ ಕೂತು ಓದಿದೆ. ಮೇಲೆ ಹೋಗುವ ತನಕ ತಡೆಯಲಾಗಲಿಲ್ಲ.

ಮೊಣಕಾಲ ಕೆಳಗಿನ ಮೂಳೆ. ಕೂದಲೆಳೆಯಷ್ಟು ಬಿರುಕು. ಏಪ್ರಿಲಿನಿಂದಲೇ ನೋಯುತ್ತಿತ್ತು. ಒಂದೇ ಜಾಗ, ಒತ್ತಿದರೆ ನೋವು. ಬಂದರೆ ನಿಲ್ಲಿಸಿ ಎಂದು ನಿಮಗೆ ಬರೆದಿದ್ದೆನಲ್ಲ, ಅದೇ. ಗೊತ್ತಿದ್ದೂ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ನಿಮಗೆ ಏನಂತ ಬರೆಯಲಿ?

ವ್ಯಾಯಾಮ ಹೇಳಿಕೊಡುವ ಫಿಸಿಯೋ ಒಬ್ಬರಿದ್ದಾರೆ. ನನ್ನ ಕೈಗಡಿಯಾರದಲ್ಲಿ ಉಳಿದಿದ್ದ ಓಟಗಳನ್ನೆಲ್ಲ ತಿರುವಿ ನೋಡಿದರು. ಹಳೆಯ ಶೂ, ಗಟ್ಟಿ ರಸ್ತೆ, ಸಾಲದ ನಿದ್ದೆ, ಎಲ್ಲ ಒಂದಿಷ್ಟು ಸೇರಿರಬಹುದು, ಇದೇ ಕಾರಣ ಎಂದು ಒಂದನ್ನೇ ಬೆರಳಿಟ್ಟು ತೋರಿಸಲಾಗದು ಎಂದರು. ಆದರೆ ಒಂದು ಅವರಿಗೆ ಅರ್ಥವಾಗಲಿಲ್ಲ.

"ಮೂರು ನಾಲ್ಕು ವಾರ ಸರಿಯಾಗಿ ಓಡ್ತೀರಿ, ಆಮೇಲೆ ಒಂದು ವಾರ ಹುಚ್ಚು ಹಿಡಿದ ಹಾಗೆ. ಮತ್ತೆ ಸರಿ, ಮತ್ತೆ ಹುಚ್ಚು. ಆ ವಾರಗಳಲ್ಲಿ ಏನಾಗ್ತಿತ್ತು?"

ಗೊತ್ತಿಲ್ಲ ಎಂದೆ. ನಿಮ್ಮ ಕಾಗದ ಬಂದ ವಾರಗಳು ಅಪ್ಪಾ.

ಪದಕ ಇಲ್ಲ. ಗೋಡೆಯ ಮೇಲೆ ಏನೂ ಇಲ್ಲ. ಆ ಬೆಳಿಗ್ಗೆ ಕಿಟಕಿ ಮುಚ್ಚಿಕೊಂಡು ಮಲಗಿದ್ದೆ. ನೀವು ಕೆಳಗೆ ನಿಂತಿದ್ದಿರಿ ಎಂದು ಓದಿದ ಮೇಲೆ, ದಿನಾ ಬಟ್ಟೆ ಹಾಕುವಾಗ ಕೆಳಗೆ ನೋಡುತ್ತೇನೆ. ಕೂಗಬೇಕಿತ್ತು.

ಈಗ ಊರುಗೋಲು ಬಿಟ್ಟಿದ್ದೇನೆ. ನಡೆಯಬಹುದು. ಓಡುವುದಕ್ಕೆ ಇನ್ನೂ ತಿಂಗಳುಗಳು ಬೇಕು, ನಿಮಗಂತೂ ಇನ್ನೂ ಹೆಚ್ಚು. ಅಂದರೆ ನಮ್ಮಿಬ್ಬರಿಗೂ ಬರೆಯಲು ಈಗ ಏನೂ ಇಲ್ಲ. ಅರ್ಧ ಗಂಟೆಯಿಂದ ಪೆನ್ನು ಹಿಡಿದು ಕೂತು ಯೋಚಿಸಿದೆ, ನಿಮ್ಮನ್ನು ಕಾಲಿನ ವಿಷಯ ಬಿಟ್ಟು ಇನ್ನೇನು ಕೇಳಬಹುದು ಎಂದು. ಒಂದೇ ಪ್ರಶ್ನೆ ಸಿಕ್ಕಿತು, ಅದನ್ನು ಕೇಳಲು ಹೆದರಿಕೆ. ಆದರೂ ಕೇಳುತ್ತೇನೆ.

ಓಟವಿಲ್ಲದ ಬೆಳಿಗ್ಗೆ ಎದ್ದು ಏನು ಮಾಡುತ್ತೀರಿ?

ಈ ತಿಂಗಳ ಕೊನೆಯ ಶನಿವಾರ ರಜೆ ಕೇಳಿದ್ದೇನೆ. ಬರಲಾ?

ಚೂಟಿ

*

ಆಗಸ್ಟ್ ೧೮

ಮಗಳೇ,

ಎದ್ದು ಕೂತಿರುತ್ತೇನೆ.

ಮಂಚದ ಅಂಚಿನಲ್ಲಿ. ಹೊರಗೆ ಬೇರೆಯವರ ಹೆಜ್ಜೆ ಸದ್ದು ಕೇಳುತ್ತಿರುತ್ತದೆ. ರಾಜನ ಮಾತೂ ಬಾಯಿಗೆ ಬರುವುದಿಲ್ಲ, ಮಂತ್ರಿಯದೂ ಬರುವುದಿಲ್ಲ.

ಬೂಟು ಬಿಚ್ಚಿದ್ದಾರೆ, ಬಾವು ಇನ್ನೂ ಇಳಿದಿಲ್ಲ. ಮಲಗುವಾಗ ಕಾಲನ್ನು ದಿಂಬಿನ ಮೇಲೆ ಎತ್ತಿಡಿ ಎಂದು ಡಾಕ್ಟರು ಹೇಳಿದ್ದಾರೆ. ಮನೆಯಲ್ಲಿರುವುದು ಎರಡೇ ದಿಂಬು. ಒಂದು ನನ್ನ ತಲೆಗೆ ಬೇಕು. ಇನ್ನೊಂದರ ಮೇಲೆ ಕಾಲಿಡಲು ನನ್ನಿಂದ ಆಗಲಿಲ್ಲ. ಅದು ಅವಳ ಜಾಗದಲ್ಲಿ, ಅವಳು ಇಟ್ಟ ಹಾಗೇ ಇದೆ. ನನ್ನ ಕೋಟನ್ನು ಮಡಚಿ ಕಾಲ ಕೆಳಗೆ ಹಾಕಿಕೊಳ್ಳುತ್ತೇನೆ. ಗುಂಡಿಗಳು ಒತ್ತುತ್ತವೆ.

ಶನಿವಾರ ಬಾ. ಬರುವಾಗ ಒಂದು ದಿಂಬು ಹಿಡಿದುಕೊಂಡು ಬಾ.

ಅಪ್ಪ